ನಡುಬೆನ್ನಿನ ಕೂದಲು

ಬೆರಳಿಗೆ ಏನೋ ತಾಕಿತು, ಎಣ್ಣೆಯಲ್ಲಿ ನೆನೆದ ನೂಲಿನ ಎಳೆಯ ಹಾಗೆ, ಹಿಟ್ಟಿನ ಗಂಟಿರಬೇಕು ಎಂದು ಗಂಗಾಬಾಯಿ ಮತ್ತೆ ಸವರಿದಳು, ಗಂಟಲ್ಲ, ಕೂದಲು — ನೀಡಿದ ಕಾಲುಗಳ ಮೇಲೆ ಬೋರಲು ಮಲಗಿದ ಹನ್ನೊಂದು ದಿನದ ಕೂಸು, ಪಕ್ಕದ ಮನೆಯ ರುಕ್ಮಿಣಿಬಾಯಿಯ ಮೊಮ್ಮಗ, ಸೊಂಟದ ಹತ್ತಿರ ನಡುಬೆನ್ನಿನಲ್ಲಿ ಒಂದು ಕಪ್ಪು ಗೊಂಚಲು, ಮೈಮೇಲಿನ ನವಿರಾದರೆ ಕಡಲೆಹಿಟ್ಟಿಗೆ ಉದುರುತ್ತದೆ, ಕೊಳಕೂರಿನ ಎಷ್ಟೋ ಕೂಸುಗಳಿಗೆ ಎರೆದ ಕೈ, ಇದು ನವಿರಲ್ಲ, ತನ್ನ ಮೊಮ್ಮಗಳು ಭಾಗ್ಯಾಳ ಬೆನ್ನೂ ಹೀಗೇ ಬೆಚ್ಚಗಿತ್ತು, ಇದೇ ಜಾಗ, ಇಷ್ಟೇ ಕೂದಲು, ಯಾಕಕ್ಕಾ ಕೈ ನಿಂತ್ವು, ತಂಬಿಗೆ ಹಿಡಿದ ರುಕ್ಮಿಣಿಬಾಯಿ ಬಗ್ಗಿ ನೋಡಿ ನಗುತ್ತಾಳೆ, ಅಯ್ಯ, ಬಾಲ ತೊಗೊಂಡು ಬಂದಾನ ನೋಡ್ರಿ ನಮ್ಮ ಹನುಮಪ್ಪ, ತಿಕ್ರಿ ತಿಕ್ರಿ, ನಾಕು ದಿನದಾಗ ಉದರ್ತಾವ, ನಿಮ್ಮ ಕೈಯಾಗ ಉಳದ ಕೂದಲ ಯಾವುದೈತ್ರಿ.

ತಿಕ್ಕಿದ್ದಳಲ್ಲ, ಎಂಟು ವರ್ಷದ ಹಿಂದೆ, ಹೆಣ್ಣುಕೂಸು, ಬಾಲದಾಕಿ ಅಂತ ಊರು ಹೆಸರಿಟ್ಟರೆ ಹೇಗೆಂದು ತಿಕ್ಕಿದಳು, ಉದುರಲಿಲ್ಲ, ಕತ್ತರಿ ತಂದಳು, ಸೊಸೆ ಶಾಂಭವಿ ಒಳಗೆ ಹೊರಸಿನ ಮೇಲೆ, ಹಸಿ ಬಾಣಂತಿಗೆ ಯಾಕೆ ಸಂಕಟ ಎಂದು ಹೇಳಲಿಲ್ಲ, ಆಮೇಲೂ ಮೊಮ್ಮಗಳಿಗೆ ಎರೆಯುವುದು ತನ್ನದೇ ಪಾಳಿ, ಸೋಮವಾರಕ್ಕೊಮ್ಮೆ ಕತ್ತರಿ, ಅಕ್ಕರೆಯಿಂದಲೇ — ಆರು ವರ್ಷಕ್ಕೆ ಎಡಗಾಲು ಎಳೆಯತೊಡಗಿತು, ಚಪ್ಪಲಿ ಕಳಚಿದರೂ ಅರಿವಿಲ್ಲ, ಸಾಲೆಯಲ್ಲಿ ಲಂಗ ಒದ್ದೆ, ಇಷ್ಟು ದೊಡ್ಡಾಕಿ ಆಗಿ ನಾಚಿಕಿಲ್ಲೇನ ಬೇ ಎಂದು ಹೊಡೆದದ್ದೂ ಇದೇ ಕೈ, ಆಯೀ, ನನಗ ಬಂದದ್ದ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ ಅಂದ್ರೇನ, ಮತ್ತೊಂದು ಏಟು — ದೊಡ್ಡ ದವಾಖಾನೆಯ ಬೆಂಚಿನ ಮೇಲೂ ಹಾಗೇ ಆಯಿತು, ಜನ ಮೂಗು ಮುಚ್ಚುವ ಮೊದಲೇ ಆಯಾ ಅಖ್ತರಬೇಗಂ ತನ್ನ ಬಾಟಲಿಯ ನೀರನ್ನು ಬೇಕೆಂದೇ ಚೆಲ್ಲಿಬಿಟ್ಟಳು, ಅರೆ, ನನ್ನ ಕೈಯಿಂದ ನೀರ ಬಿತ್ತಲ್ಲವಾ, ಏಳು, ಲಂಗ ಬದಲಿ ಮಾಡೂಣು, ಆ ತಾಯಿಯ ಹೊಟ್ಟೆ ತಣ್ಣಗಿರಲಿ — ಒಳಗೆ ಡಾಕ್ಟರು, ಬೆನ್ನುಹುರಿ ಕೆಳಗ ಅಂಟಿಕೊಂಡದ್ರಿ, ಹುಟ್ಟಿನಿಂದನ, ಕೂಸು ಬೆಳದಂಗ ಜಗ್ಗತದ, ಆಪರೇಶನ್ ಮಾಡಿ ಬಿಡಸ್ತೀವಿ, ಹೋದ ಬಲ ಬರತದಂತ ಹೇಳಲಾರೆ, ಹುಟ್ಟಿದಾಗ ಇಲ್ಲಿ ಕೂದಲ ಹೆಚ್ಚಿದ್ದುವೇನ್ರಿ, ಆವಾಗೇ ತೋರಸಿದ್ರ ಛಲೋ ಇತ್ತು, ಇಲ್ರಿ ಸಾಹೇಬ್ರ, ಶಾಂಭವಿ ತನಗೆ ಗೊತ್ತಿದ್ದ ಸತ್ಯವನ್ನೇ ಹೇಳಿದಳು, ಗಂಗಾಬಾಯಿ ಗೋಡೆಯ ಕ್ಯಾಲೆಂಡರ್ ನೋಡಿದಳು.

ಆಪರೇಶನ್ ಆಗಿ ಎಂಟು ತಿಂಗಳು, ಕಾಲು ಹಾಗೇ ಇದೆ, ದಿನಕ್ಕೆ ನಾಲ್ಕು ಸಲ ಸಣ್ಣ ನಳಿಕೆ ಹಾಕಿ ಮಗಳ ಉಚ್ಚೆ ತೆಗೆಯುತ್ತಾಳೆ ಶಾಂಭವಿ, ಅತ್ತಿ, ನಾ ಬಸರಿದ್ದಾಗ ಏನ್ ತಪ್ಪ ಮಾಡಿದ್ನೋ ಎನ್ನುತ್ತಾಳೆ, ನಿಂದೇನಿಲ್ಲವಾ ಎಂದು ಗಂಗಾಬಾಯಿ ತಲೆ ಸವರುವುದಷ್ಟೇ — ಈಗ ರುಕ್ಮಿಣಿಬಾಯಿಗೆ ಹೇಳಿದರೆ ನಿಮಗ ಹೆಂಗ ಗೊತ್ತ ಎಂದು ಕೇಳುತ್ತಾರೆ, ಸಂಜೆಯೊಳಗೆ ಓಣಿಗೆಲ್ಲ ತಿಳಿಯುತ್ತದೆ, ಹೇಳದಿದ್ದರೆ ಈ ಕೂಸು, ಇದಕ್ಕೆ ಏನೂ ಇರದೆಯೂ ಇರಬಹುದು, ತೋರಿಸಿದರೆ ತಾನೆ ಗೊತ್ತಾಗುವುದು, ಬಚ್ಚಲ ಬಾಗಿಲಲ್ಲಿ ಹೆಜ್ಜೆ, ಚಿಗವ್ವಾ, ಲೋಬಾನದ ಹೊಗಿಗೆ ಕೆಂಡ ತಂದೇನ್ರಿ, ರುಕ್ಮಿಣಿಬಾಯಿಯನ್ನು ಕರೆಯುವ ಶಾಂಭವಿಯದೇ ದನಿ, ಅವಳು ಹೋಗಲಿ, ಆಮೇಲೆ ಹೇಳಿದರಾಯಿತು, ಆಮೇಲೆ ಆಮೇಲೆ ಎಂದೇ ಈ ಎಂಟು ತಿಂಗಳು, ರುಕ್ಮಿಣಿಬಾಯಿ ಹಿಟ್ಟಿನ ಬಟ್ಟಲು ಮುಂದೆ ಸರಿಸುತ್ತಾಳೆ, ಗಂಗಾಬಾಯಿ ಅದನ್ನು ಹಿಂದೆ ತಳ್ಳುತ್ತಾಳೆ, ಬ್ಯಾಡ್ರಿ, ಇದನ್ನ ತಿಕ್ಕಬ್ಯಾಡ್ರಿ, ನಾಳಿಗೇ ದೊಡ್ಡ ದವಾಖಾನಿಗೆ ಒಯ್ರಿ, ಯಾಕ್ರಿ ಅಕ್ಕಾ, ಭಾಗ್ಯಾಗೂ ಇದ್ದುವು, ನಾನ ಕತ್ತರಿಸೀನಿ — ತಂಬಿಗೆಯ ನೀರು ನಿಂತಿತು, ಶಾಂಭವಿ ಕೆಂಡದ ತಟ್ಟೆ ಹಿಡಿದುಕೊಂಡೇ ಬಗ್ಗುತ್ತಾಳೆ, ಬೈಯಬಾರದೇ, ಅಳಬಾರದೇ, ಅತ್ತೆಯ ಮುಖ ನೋಡುವುದಿಲ್ಲ, ಕೂಸಿನ ಬೆನ್ನನ್ನೇ ನೋಡುತ್ತಾಳೆ, ಒದ್ದೆಯಾಗಿ ಚರ್ಮಕ್ಕೆ ಅಂಟಿದ ಆ ಕೂದಲನ್ನೇ, ಆ ಕೂದಲನ್ನೇ