ಎಂಟೂವರೆ ವ್ಯಾಟ್

ಅವಳು ಗೋಡೆಯಿಂದ ಪ್ಲಗ್ ಕಿತ್ತಾಗ ಡ್ರಿಲ್ ನಾಲ್ಕನೆಯ ಹಾರ್ಡ್ ಡಿಸ್ಕ್‌ನೊಳಗೆ ಅರ್ಧ ಇಳಿದಿತ್ತು. ಗರ್ ಎಂದು ಕೊನೆಯ ಸುತ್ತು ತಿರುಗಿ ಅಲ್ಲೇ ಸಿಕ್ಕಿಕೊಂಡಿತು. ಫಿಟ್ಟರ್ ಕನ್ನಡಕವನ್ನು ಹಣೆಗೇರಿಸಿ ಮೊದಲು ದೀಪ ನೋಡಿದ, ಆಮೇಲೆ ಅವಳ ಕೈಯಲ್ಲಿದ್ದ ಪ್ಲಗ್ ನೋಡಿದ.

“ಕರೆಂಟ್ ಹೋಯ್ತು ಅಂದ್ಕೊಂಡೆ.”

“ಇದನ್ನ ಕೊರೆಯೋಕೆ ಯಾರು ಹೇಳಿದ್ದು?”

“ಚೀಟಿ ಬಂತು. ಕಳಚಿಟ್ಟ ಹಳೇ ಡಿಸ್ಕು ಇಪ್ಪತ್ನಾಲ್ಕು, ಯಾರೂ ಮತ್ತೆ ಬಳಸದ ಹಾಗೆ ತಲಾ ಮೂರು ತೂತು. ಅಳತೆ ಮುಗೀತು, ಇನ್ನು ಇವು ಬೇಡ ಅಂತ ಇದೆ.” ಅವನು ಜೇಬಿನಿಂದ ಮಡಿಸಿದ ಹಾಳೆ ತೆಗೆದ. “ನಿಮ್ಮ ಹೆಸರೇ ಇದೆಯಲ್ಲ ಮೀಟರಮ್ಮ. ನೀವೇ ಬರೆದು ನೀವೇ ಬಯ್ದರೆ ನಾನೆಲ್ಲಿಗೆ ಹೋಗ್ಲಿ?”

ಸದಾ ಕೈಯಲ್ಲೊಂದು ಮೀಟರ್ ಹಿಡಿದು ಓಡಾಡುತ್ತಾಳೆಂದು ಆ ಹೆಸರು ಇಟ್ಟವನು ಇವನೇ. ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದಳು. ಹಾಳೆಯಲ್ಲಿ ಅವಳ ಹೆಸರಿತ್ತು, ಸಹಿಯ ಜಾಗ ಮಾತ್ರ ಖಾಲಿ. ಹೆಸರಿನ ಮೇಲೆ ಒಂದು ಸಾಲು: ಹಳೆಯ ಡಿಸ್ಕ್ ಎಂಟು ವ್ಯಾಟ್, ಹೊಸದು ಎರಡು ವ್ಯಾಟ್, ಉಳಿತಾಯ ನೂರಕ್ಕೆ ಎಪ್ಪತ್ತೈದು.

ಎರಡು. ಅವಳ ಕಿವಿ ಬಿಸಿಯಾಯಿತು. ಆ ಎರಡು ಎಲ್ಲಿಂದ ಬಂತೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಅದು ಲಸಿಕೆಗಳ ಗೋದಾಮು. ಹನ್ನೆರಡು ತಣ್ಣನೆಯ ಕೋಣೆಗಳ ಉಷ್ಣತೆ ನಲವತ್ತು ಸೆಕೆಂಡಿಗೊಮ್ಮೆ ದಾಖಲಾಗಬೇಕು, ಹಗಲೂ ರಾತ್ರಿಯೂ. ದಾಖಲೆ ತಪ್ಪಿದರೆ ಆ ಕೋಣೆಯ ಲಸಿಕೆಯನ್ನು ಯಾರೂ ನಂಬುವುದಿಲ್ಲ, ಚೆಲ್ಲುವುದೊಂದೇ ದಾರಿ. ಹತ್ತು ವರ್ಷ ಈ ಕೆಲಸ ಮಾಡಿದ ಡಿಸ್ಕ್‌ಗಳನ್ನು ತೆಗೆದು, ಕಡಿಮೆ ಕರೆಂಟ್ ಕುಡಿಯುವ ಹೊಸವನ್ನು ಕೂರಿಸುವ ಯೋಚನೆ ನಡೆದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಹದಿನಾಲ್ಕು ದಿನ ಅಳೆಯುವುದು ಅವಳ ಕೆಲಸ. ಇಂದು ಹನ್ನೆರಡನೆಯ ದಿನ.

ಮೊದಲ ದಿನ, ಹೊಸ ಡಿಸ್ಕನ್ನು ದಾಖಲೆಯ ಯಂತ್ರಕ್ಕೆ ಜೋಡಿಸುವ ಮೊದಲೇ ಅವಳು ಮೀಟರ್ ಹಚ್ಚಿದ್ದಳು. ಎರಡು ವ್ಯಾಟ್. ಖುಷಿ ತಡೆಯಲಾರದೆ ಫೋಟೊ ತೆಗೆದು ಖರೀದಿ ವಿಭಾಗದ ಮುಖ್ಯಸ್ಥರಿಗೆ ಕಳಿಸಿದ್ದಳು. ಮುಖ್ಯಸ್ಥರೆಂದರೆ ಅವಳ ಅಕ್ಕನ ಗಂಡ. ‘ಭಾವ, ನೋಡಿ, ಬರೀ ಎರಡು’ ಎಂದು ಕೆಳಗೆ ಬರೆದಿದ್ದಳು. ಭಾವ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ್ದರು.

ಕೆಲಸವಿಲ್ಲದ ಡಿಸ್ಕ್ ನಿದ್ದೆ ಹೋಗಿತ್ತು, ಅಷ್ಟೇ. ಮೂವತ್ತು ಸೆಕೆಂಡು ಯಾರೂ ಮಾತಾಡಿಸದಿದ್ದರೆ ಅದು ತಿರುಗುವುದನ್ನು ನಿಲ್ಲಿಸುತ್ತದೆ. ಉಳಿತಾಯದ ಗುಟ್ಟೇ ಅದು. ಆದರೆ ಇಲ್ಲಿ ನಲವತ್ತನೆಯ ಸೆಕೆಂಡಿಗೆ ದಾಖಲೆ ಬಂದು ಬಾಗಿಲು ಬಡಿಯುತ್ತದೆ. ಒಳಗೆ ನಿಂತುಹೋದ ತಟ್ಟೆಯನ್ನು ಮತ್ತೆ ತಿರುಗಿಸಲು ಡಿಸ್ಕ್ ಒಂದೇ ಏಟಿಗೆ ಇಪ್ಪತ್ತೆರಡು ವ್ಯಾಟ್ ಎಳೆಯುತ್ತಿತ್ತು. ಏಳುವುದು, ಬರೆಯುವುದು, ಕಣ್ಣು ಮುಚ್ಚುವುದು, ಮತ್ತೆ ಏಳುವುದು. ಹನ್ನೊಂದು ದಿನಗಳ ಸರಾಸರಿ ಎಂಟೂವರೆ. ಪಕ್ಕದಲ್ಲಿ ಒಂದೇ ಸಮನೆ ತಿರುಗುತ್ತಿದ್ದ ಹಳೆಯ ಮುದುಕನದು ಎಂಟು.

“ಇನ್ನೊಂದನ್ನೂ ಮುಟ್ಟಬೇಡಿ,” ಎಂದು ಫಿಟ್ಟರ್‌ಗೆ ಹೇಳಿ ಅವಳು ಮೆಟ್ಟಿಲು ಹತ್ತಿದಳು. ಲಿಫ್ಟ್‌ಗೆ ಕಾಯುವ ತಾಳ್ಮೆ ಇರಲಿಲ್ಲ.

ಎರಡನೆಯ ಮಹಡಿಯ ತಿರುವಿನಲ್ಲಿ ಕಾಲು ತಾನಾಗಿ ನಿಂತಿತು. ಅಲ್ಲಿ ನಿನ್ನೆಯವರೆಗೆ ಎರಡು ಬ್ಯಾಟರಿ ಕಪಾಟುಗಳಿದ್ದವು. ಈಗ ಒಂದು. ಇನ್ನೊಂದರ ಜಾಗದಲ್ಲಿ ನೆಲದ ಮೇಲೆ ನಾಲ್ಕು ತುಕ್ಕಿನ ಗುರುತು, ಗೋಡೆಯಿಂದ ಜೋತುಬಿದ್ದ ಟೇಪು ಸುತ್ತಿದ ವೈರು. ಕರೆಂಟ್ ಹೋದರೆ ಜನರೇಟರ್ ಶುರುವಾಗುವವರೆಗೆ ಡಿಸ್ಕ್‌ಗಳ ಉಸಿರು ಹಿಡಿದಿಡುವುದು ಈ ಬ್ಯಾಟರಿಗಳೇ. ಎರಡು ವ್ಯಾಟ್ ಎಂಬುದನ್ನು ನಂಬಿ ಯಾರೋ ಅರ್ಧವನ್ನು ಹೊತ್ತುಕೊಂಡು ಹೋಗಿದ್ದರು. ಕೆಳಗೆ ಹೊತ್ತಿದ ಸಿಟ್ಟು ಇಲ್ಲಿ ನೆತ್ತಿಗೇರಿತು.

ಮೇಲೆ ತಮ್ಮ ಕೋಣೆಯಲ್ಲಿ ಭಾವ ಫೋನಿನಲ್ಲಿದ್ದರು. ಕೂರುವಂತೆ ಕೈ ತೋರಿಸಿದರು. ಅವಳು ಕೂರಲಿಲ್ಲ.

“ಎರಡು ಅಂತ ಬರೆದಿದ್ದು ಯಾರು?”

ಭಾವ ಫೋನ್ ಇಟ್ಟರು. “ನೀನೇ ಕಳಿಸಿದ್ದಲ್ವಾ? ಫೋಟೊ ಇದೆ ನನ್ನ ಹತ್ರ.”

“ಅದು ಮಲಗಿದ್ದಾಗಿನದು. ನಿದ್ದೆಯಲ್ಲಿರೋನ ಊಟ ಅಳೆದು, ಇವನಿಗೆ ಹಸಿವೇ ಇಲ್ಲ ಅಂದ ಹಾಗಾಯ್ತು.”

“ಮಾತು ಮಾತ್ರ ಚೆನ್ನಾಗಿ ಕಲ್ತಿದ್ದೀಯ. ನಿಮ್ಮಕ್ಕನೂ ಹೀಗೇ.”

“ಅಕ್ಕನ ಸುದ್ದಿ ಬೇಡ. ನಾಲ್ಕು ದಿನದ ಹಿಂದೆನೇ ಬರೆದು ಕಳಿಸಿದ್ದೆ, ಎಂಟೂವರೆ ಬರ್ತಿದೆ ಅಂತ. ಓದಿದ್ರಾ?”

“ಓದಿದೆ.”

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಓದಿಲ್ಲ ಎಂದಿದ್ದರೆ ಜಗಳ ಅಲ್ಲಿಗೇ ತಣ್ಣಗಾಗುತ್ತಿತ್ತೇನೋ.

“ಅಷ್ಟೊತ್ತಿಗೆ ಮೇಲಿನವರಿಗೆ ಹೋಗ್ಬಿಟ್ಟಿತ್ತು ಕಣೆ. ಎಪ್ಪತ್ತೈದು, ಎಪ್ಪತ್ತೈದು ಅಂತ ಎಲ್ಲರ ಬಾಯಲ್ಲೂ ಅದೇ. ಈಗ ಹೋಗಿ ಹೊಸದೇ ಜಾಸ್ತಿ ತಿನ್ನುತ್ತೆ ಅಂದ್ರೆ ನನ್ನ ಮುಖ ಎಲ್ಲಿಡ್ಲಿ?”

“ಹಾಗನ್ನಬೇಕಾಗಿಲ್ಲ. ಆ ನಿದ್ದೆ ಬಿಡಿಸಿದ್ರೆ ಸಾಕು, ಒಂದು ಸೆಟ್ಟಿಂಗ್ ಅಷ್ಟೇ. ನಿನ್ನೆ ಒಂದಕ್ಕೆ ಮಾಡಿ ನೋಡಿದೆ, ಐದೂವರೆಗೆ ಬಂದು ನಿಂತಿದೆ. ಎಂಟರಿಂದ ಐದೂವರೆ ಏನು ಕಡಿಮೆನಾ? ಅದನ್ನೇ ಬರೀರಿ. ಬ್ಯಾಟರಿ ವಾಪಸ್ ತರ್ಸಿ.”

“ಎಪ್ಪತ್ತೈದು ಅಂದ ಬಾಯಲ್ಲಿ ಮೂವತ್ತು ಅಂತ ಹೇಗೆ ಹೇಳೋದು?”

“ಅದೇ ಬಾಯಲ್ಲಿ.”

ಭಾವ ನಕ್ಕರು. ಅವರ ನಗು ಯಾವತ್ತೂ ಚೆನ್ನಾಗಿತ್ತು, ತೊಂದರೆಯೇ ಅದು. ಹದಿನಾರರ ವಯಸ್ಸಿನಲ್ಲಿ ಅವಳು ಮನೆಯ ರೇಡಿಯೊ ಬಿಚ್ಚಿ ಹರವಿಕೊಂಡಾಗ ಮನೆಮಂದಿಯೆಲ್ಲ ಬಯ್ದಿದ್ದರು. ಮಾರನೆಯ ದಿನ ಅವಳ ಮೊದಲ ಮೀಟರ್ ತಂದುಕೊಟ್ಟವರು ಇದೇ ಭಾವ. ಮುಳ್ಳು ಅಲುಗಾಡುವುದನ್ನು ಓದಲು ಕಲಿಸಿದವರೂ ಅವರೇ. ಅದು ನೆನಪಾಗಿ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು.

“ಬಾಗಿಲು ಹಾಕು, ಹೇಳ್ತೀನಿ.”

“ತೆರೆದೇ ಇರ್ಲಿ.”

“ಸರಿ, ತೆರೆದೇ ಇರ್ಲಿ.” ಅವರು ದನಿ ಇಳಿಸಿದರು. “ಹೀಗೆ ಮಾಡೋಣ. ನಿನ್ನ ಹನ್ನೊಂದು ದಿನದ ಅಂಕಿಗಳನ್ನ ವರದಿಯ ಕೊನೇ ಪುಟದಲ್ಲಿ ಹಾಕಿಸ್ತೀನಿ, ಸಣ್ಣ ಅಕ್ಷರದಲ್ಲಿ. ಸುಳ್ಳು ಹೇಳಿದ ಹಾಗೂ ಆಗಲ್ಲ. ಮುಂದಿನ ತಿಂಗಳು ಅಳತೆಗೆ ಅಂತಲೇ ಬೇರೆ ವಿಭಾಗ ಮಾಡ್ತಿದ್ದಾರೆ. ಅದು ನಿಂದು. ನಿನಗೆ ಬೇಕಾದ ಮೀಟರ್, ಬೇಕಾದಷ್ಟು ದಿನ. ನಾನೂ ಬಂದು ಕೇಳಲ್ಲ.”

ಒಂದು ಗಳಿಗೆ ಅವಳ ಕಣ್ಣಿಗೆ ಆ ಕೋಣೆ ಕಂಡಿತು: ಕಿಟಕಿ, ಉದ್ದನೆಯ ಮೇಜು, ಯಾರೂ ಎತ್ತಿಕೊಂಡು ಹೋಗದ ಉಪಕರಣಗಳು. ಈಗ ಅವಳು ಅಳೆಯುತ್ತಿದ್ದುದು ಸ್ಟೋರಿನ ಮೂಲೆಯಲ್ಲಿ, ಮುರಿದ ಕುರ್ಚಿಗಳ ನಡುವೆ. ಬೇಕು ಅನಿಸಿತು. ಹಾಗನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಕರೆಂಟ್ ಹೋದಾಗ ಬ್ಯಾಟರಿ ಬಂದು ಕೊನೇ ಪುಟ ಓದುತ್ತಾ ಭಾವ?”

“ವರ್ಷಕ್ಕೆ ಎರಡು ಸಲ ಹೋಗುತ್ತೆ, ಹೆಚ್ಚಂದ್ರೆ.”

“ಒಂದು ಸಲ ಸಾಕು.”

“ನೀನೊಬ್ಬಳೇನಾ ಈ ಗೋದಾಮನ್ನ ತಲೆ ಮೇಲೆ ಹೊತ್ತಿರೋದು? ಮೇಲಿನವರು ಕೇಳ್ತಿರೋದು ಅಳೆದವರ ಸಹಿ ಒಂದೇ. ನಾಳೆ ಮನೆಗೆ ಬಂದಾಗ ನಿಮ್ಮಕ್ಕ ಇದನ್ನೆಲ್ಲ ಕೇಳಿದ್ರೆ ಏನಂತ ಹೇಳ್ತೀಯ?”

“ಎಂಟೂವರೆ ಅಂತ ಹೇಳ್ತೀನಿ.”

ಭಾವ ಅದೇ ಎಪ್ಪತ್ತೈದರ ಸಾಲಿದ್ದ ವರದಿಯ ಹಾಳೆಯನ್ನು ಮೇಜಿನ ಮೇಲೆ ಅವಳತ್ತ ಸರಿಸಿದರು. ಪೆನ್ನಿನ ಮುಚ್ಚಳ ತೆಗೆದು ಅದರ ಪಕ್ಕ ಇಟ್ಟರು. ಅವಳ ಹೆಸರಿನ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಈಗ ನಗು ಇರಲಿಲ್ಲ.

“ಹಾಕು. ಉಳಿದಿದ್ದು ನಾನು ನೋಡ್ಕೋತೀನಿ.”

“ಹಾಕಲ್ಲ.”

“ಮನೆಗೆ ಹೋಗಿ ಯೋಚನೆ ಮಾಡು. ಬೆಳಿಗ್ಗೆ ಬಂದು...”

“ಬೆಳಿಗ್ಗೆನೂ ಹಾಕಲ್ಲ.”