ನೆರೆಗೆ ಹಾಕಿದ ಮುಯ್ಯಿ

ಲಾರಿ ಮಾರಮ್ಮನ ಗುಡಿಯ ಮುಂದೆ ಬಂದು ನಿಂತಿದ್ದು ಸೋಮವಾರ. ಬುಧವಾರವಾದರೂ ಅದರ ಹೊಟ್ಟೆ ತುಂಬಿರಲಿಲ್ಲ. ಮೈಗೆಲ್ಲ 'ಉತ್ತರ ಕರ್ನಾಟಕದ ನೆರೆ ಸಂತ್ರಸ್ತರಿಗೆ ನಮ್ಮೂರ ನೆರವು' ಎಂಬ ಬ್ಯಾನರು ಸುತ್ತಿಕೊಂಡು, ಒಳಗೆ ಊರಿನ ಯುವಕರ ಸಂಘದ ಲೋಕೇಶ ತನ್ನ ಮನೆಯಿಂದಲೇ ತಂದು ಹಾಕಿದ್ದ ಕೆಲವು ಮೂಟೆ ಅಕ್ಕಿಯನ್ನೂ, ಆ ಮೂಟೆಗಳ ಮೇಲೆ ಮಲಗಿದ್ದ ಒಂದು ನಾಯಿಯನ್ನೂ ಇಟ್ಟುಕೊಂಡು ಸುಮ್ಮನೆ ನಿಂತಿತ್ತು.

ಗುಡಿಯ ಎದುರಿನ ಹೊಲಗಳಲ್ಲಿ ಹೋದ ವರ್ಷದವರೆಗೂ ರಾಗಿ ಬೆಳೆಯುತ್ತಿದ್ದರು. ಈಗ ಹಾರೋಹಳ್ಳಿಯ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದಾಗಿ ಇತ್ತ ನಡೆದು ಬರುತ್ತಿದ್ದವು. ಅಂಥದೊಂದು ಫ್ಯಾಕ್ಟರಿಯ ಗೋಡೆ ಏಳುತ್ತಿದ್ದ ಕಡೆ ದುಂಡವ್ವ ಸಿಮೆಂಟು ಹೊರುತ್ತಿದ್ದಳು. ಬಾಂಡ್ಲಿ ಇಳಿಸಿದಾಗೊಮ್ಮೆ ಕತ್ತೆತ್ತಿ, ಲಾರಿ ಅಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಆ ಬ್ಯಾನರನ್ನು ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದ್ದಳು. ಅದು ಅವಳ ಊರಿನ ಕಡೆಗೇ ಹೋಗುವ ಲಾರಿ.

ಅವಳೂ ಅವಳ ಗಂಡ ಯಮನಪ್ಪನೂ ಮಲಪ್ರಭೆಯ ದಂಡೆಯವರು. ದುಡಿಯಲು ಇಲ್ಲಿಗೆ ಬರುವಾಗ ಮಗಳು ಬನವ್ವನನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು, ಅಲ್ಲಾದರೆ ಶಾಲೆಗೆ ಹೋಗುತ್ತದೆ ಎಂದು. ಹೋದ ವಾರ ಹೊಳೆ ಊರೊಳಗೆ ನುಗ್ಗಿತು. ಅಂದಿನಿಂದ ಅಜ್ಜಿಯ ಪಕ್ಕದ ಮನೆಯವರ ಮೊಬೈಲು ಸ್ವಿಚಾಫ್. ಗಂಡ ಹೆಂಡತಿ ಬೆಂಗಳೂರಿನ ಬಸ್ ಸ್ಟ್ಯಾಂಡಿನವರೆಗೂ ಹೋದರು. ರಸ್ತೆ ಕೊಚ್ಚಿ ಹೋಗಿದೆ, ಆ ಕಡೆಗೆ ಬಸ್ಸಿಲ್ಲ, ಪರಿಹಾರದ ಗಾಡಿಗಳನ್ನು ಮಾತ್ರ ಬಿಡುತ್ತಿದ್ದಾರೆ ಎಂದು ಹೇಳಿಸಿಕೊಂಡು ವಾಪಸು ಬಂದಿದ್ದರು. ಮಗು ಎಲ್ಲಿದೆ, ಏನು ತಿಂದಿದೆ, ಇದೆಯೋ ಇಲ್ಲವೋ, ಯಾರೂ ಹೇಳುವವರಿಲ್ಲ.

ಬುಧವಾರ ಮಧ್ಯಾಹ್ನ ಅವಳು ತಡೆಯಲಾರದೆ ಗುಡಿಯ ಹತ್ತಿರ ಬಂದಳು. ಲಾರಿ ತರಿಸಿದ್ದ ಲೋಕೇಶ ಅಲ್ಲೇ ನಿಂತಿದ್ದ.

"ಅಣ್ಣಾರ, ಲಾರಿ ಯಾವಾಗ ಬಿಡತೈತ್ರಿ?"

"ತುಂಬಿದ ತಕ್ಷಣ ಅಕ್ಕ."

"ಯಾವಾಗ ತುಂಬತೈತ್ರಿ?"

ಲೋಕೇಶ ನಾಯಿಯ ಮುಖ ನೋಡಿದ.

ಊರಿನವರೇನು ಜಿಪುಣರಲ್ಲ. ಅಡ್ಡ ಬಂದಿದ್ದು ಮುಯ್ಯಿಯ ಲೆಕ್ಕಾಚಾರ. ಆ ಸೀಮೆಯ ಮದುವೆಗಳಲ್ಲಿ ಉಡುಗೊರೆ ಕೊಡುವುದಕ್ಕೆ ಮುಯ್ಯಿ ಹಾಕುವುದು ಎನ್ನುತ್ತಾರೆ. ಗಂಡು ಹೆಣ್ಣು ಕುರ್ಚಿಯಲ್ಲಿ ಕೂತಿರಬೇಕು, ಕೊಟ್ಟವರ ಹೆಸರನ್ನೂ ಕೊಟ್ಟ ವಸ್ತುವನ್ನೂ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಓದಬೇಕು, ಕೊಟ್ಟವರು ಉಂಡು ಎಲೆ ಅಡಿಕೆ ತೆಗೆದುಕೊಂಡು ಹೋಗಬೇಕು. ಆ ಊರಿನ ಮುಯ್ಯಿಗಳನ್ನೆಲ್ಲ ಓದುತ್ತಿದ್ದವರು ದಾಸಪ್ಪ. ಎಪ್ಪತ್ತರ ಮುದುಕರು, ಗುಡಿಯ ಜಗುಲಿಯೇ ಅವರ ಕಚೇರಿ. ಅಲ್ಲಿಂದಲೇ ಅವರು ಲೋಕೇಶನಿಗೆ ಬುದ್ಧಿ ಹೇಳಿದರು.

"ಲೇ ಲೋಕೇಶ, ಕೊಡಾಕೆ ನಮ್ಗೇನು ಬ್ಯಾಸರ್ವಾ? ಆದ್ರೆ ಯಾರ ಕೈಗ್ಲಾ ಕೊಡೋದು? ಈ ಲಾರಿ ಕೈಗಾ?"

"ಅಲ್ಲಿಗೆ ತಕ್ಕೊಂಡೋಗಿ ನಾವು ಕೊಡ್ತೀವಲ್ಲ ತಾತ."

"ನೀನು ಕೊಡ್ತೀಯ. ನಾವು? ಗೊಬ್ಬರ ಸುರಿದಂಗೆ ಲಾರಿಗೆ ಸುರಿದ್ಬುಟ್ಟು ಮನೆಗೋಗ್ಬೇಕಾ? ಕೂತ್ಕೊಂಡು ಇಸ್ಕೊಳ್ಳೋರು ಒಬ್ರಾದ್ರೂ ಬ್ಯಾಡ್ವಾ? ಇಲ್ದಿದ್ರೆ ಅದು ಕೊಟ್ಟಂಗಲ್ಲ ಕಣ್ಲಾ, ಕೈ ಜಾರಿ ಬೀಳಿಸ್ಕೊಂಡಂಗೆ."

ಲೋಕೇಶ ತಲೆ ಕೆರೆದುಕೊಂಡ. ಆಮೇಲೆ ದುಂಡವ್ವನ ಕಡೆ ತಿರುಗಿದ.

"ಅಕ್ಕಾ, ನೀವು ಆ ಕಡೆಯೋರು ತಾನೆ? ನಿಮ್ಮೂರಿಗೆ ನೀರು ನುಗ್ಗೈತಾ?"

"ನುಗ್ಗೈತ್ರಿ."

"ಜಾಸ್ತಿ ನುಗ್ಗೈತಾ?"

"ಕುತಗಿ ಮಟಾ ಬಂದೈತಂತ್ರಿ, ಬಸ್ ಸ್ಟ್ಯಾಂಡಿನ್ಯಾಗ ಹೇಳಿದ್ರು."

ಲೋಕೇಶನ ಮುಖ ಅರಳಿತು. ಅರಳಬಾರದಿತ್ತು ಎಂದು ಹೊಳೆದು, ಗಡಿಬಿಡಿಯಿಂದ ಅದನ್ನು ಬಾಡಿಸಿಕೊಂಡ. "ನಾಳೆ ಬೆಳಗ್ಗೆ ಒಂದು ಗಂಟೆ ಹೊತ್ತು ಗಂಡ ಹೆಂಡ್ರು ಇಬ್ರೂ ಬಂದು ಕೂತ್ಕೊಬುಡಿ. ಅಷ್ಟೇ ಸಾಕು."

"ಕುಂದರ್ತೀವ್ರಿ. ಆದ್ರ ಅದ ಲಾರ್‍ಯಾಗ ನಮ್ಮಿಬ್ಬರನೂ ಊರಿಗೆ ಕರಕೊಂಡ ಹೋಗಬೇಕ್ರಿ."

"ಮಾರಮ್ಮನಾಣೆ ಕರ್ಕೊಂಡೋಯ್ತೀನಿ."

ಗುರುವಾರ ಬೆಳಗ್ಗೆ ಗುಡಿಯ ಮುಂದೆ ಶಾಮಿಯಾನ ಎದ್ದಿತ್ತು. ಕನಕಪುರದಿಂದ ಕೆಂಪು ಮಖಮಲ್ಲಿನ ಎರಡು ಸಿಂಹಾಸನದ ಕುರ್ಚಿಗಳು ಬಂದಿದ್ದವು. ಹಿಂದೆ ಕಟ್ಟಿದ ಪರದೆಯ ಮೇಲೆ ಥರ್ಮಾಕೋಲಿನ ಎರಡು ಹಂಸಗಳಿದ್ದವು. ಶಾಮಿಯಾನದವನ ಹತ್ತಿರ ನೆರೆಗೆ ಬೇರೆ ಪರದೆ ಇರಲಿಲ್ಲ. ದುಂಡವ್ವ ಹಂಸಗಳ ಕೆಳಗೆ ಕೂತಳು. ಯಮನಪ್ಪ ಪಕ್ಕದಲ್ಲಿ ಕೂತು, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮೊಣಕಾಲ ನಡುವೆ ಸಿಕ್ಕಿಸಿಕೊಂಡ.

"ನಮ್ಮ ಲಗ್ನದಾಗೂ ಇಂಥಾ ಕುರ್ಚಿ ಇರಲಿಲ್ಲಲೇ," ಎಂದು ಪಿಸುಗುಟ್ಟಿದ.

"ಸುಮ್ಮ ಕುಂದ್ರ. ಲಾರಿ ತುಂಬಲಿ."

ದಾಸಪ್ಪ ಮೈಕು ಹಿಡಿದರು. "ಅಂಕಯ್ಯನೋರ ಮನೆಯಿಂದ ಸ್ಟೀಲ್ ಬಿಂದಿಗೆ! ನಟರಾಜನ ಮನೆಯಿಂದ ಎರಡು ಕಂಬಳಿ, ಒಂದು ಗೋಡೆ ಗಡಿಯಾರ! ಚನ್ನಪಟ್ಟಣದ ನೆಂಟ್ರ ಕಡೆಯಿಂದ ಅರಗಿನ ಬಣ್ಣದ ತೊಟ್ಲು ಗೊಂಬೆ, ಇನ್ನೊಂದು ಗೋಡೆ ಗಡಿಯಾರ!"

ಜನ ಸಾಲುಗಟ್ಟಿದರು. ಮೂರು ದಿನ ಕದಲದಿದ್ದ ಊರು ಒಂದೇ ಸಲಕ್ಕೆ ಎದ್ದು ಬಂದಿತ್ತು. ಮೈಕಿನ ಸದ್ದು ಕೇಳಿ ಮರಳವಾಡಿಯವರೂ ಬಂದರು. ಮಗಳ ಮನೆಗೆಂದು ಮಾಗಡಿಯಿಂದ ಬಂದಿದ್ದ ಬೀಗರೊಬ್ಬರು ಯಾರ ಮದುವೆ ಎಂದು ವಿಚಾರಿಸದೆಯೇ ಹಾಟ್‌ಬಾಕ್ಸು ಕೊಟ್ಟು, "ನೂರು ಕಾಲ ಸುಖವಾಗಿರಿ" ಎಂದು ಹರಸಿ, ಊಟಕ್ಕೆ ನಡೆದರು.

ಹಾರೋಹಳ್ಳಿಯ ಫೋಟೋದವನು ಪ್ರತಿಯೊಬ್ಬರನ್ನೂ ದುಂಡವ್ವನ ಪಕ್ಕದಲ್ಲಿ ನಿಲ್ಲಿಸಿ ಫೋಟೋ ಹಿಡಿಯುತ್ತಿದ್ದ. "ಒಸಿ ನಗಿ ಅಕ್ಕಾ."

"ನಗ್ಬ್ಯಾಡ!" ಸಾಲಿನಲ್ಲಿದ್ದ ಅಂಕಯ್ಯ ಕೂಗಿದ. "ನೆರೇಲಿ ಮುಳುಗಿರೋರು ಹಲ್ ಕಿರಿದ್ರೆ ಪೇಪರ್ನೋರು ಹಾಕ್ತಾರಾ?"

"ಮುಯ್ಯಿ ಇಸ್ಕೊಳ್ಳೋಳು ಅಳ್ತಾ ಕೂತ್ರೆ ಕೊಟ್ಟೋನ್ಗೆ ಏಳ್ಗೆ ಆಯ್ತದಾ?" ಎಂದು ನಟರಾಜ ತಿರುಗಿಬಿದ್ದ.

ಸಾಲು ನಿಂತಿತು. ನಗುವಿನ ಪಕ್ಷ, ಅಳುವಿನ ಪಕ್ಷ ಎಂದು ಎರಡಾಗಿ ಒಂದಷ್ಟು ಹೊತ್ತು ವಾದ ನಡೆಯಿತು. ಕೊನೆಗೆ ದಾಸಪ್ಪನವರು ಮೈಕಿನಲ್ಲೇ ತೀರ್ಪು ಕೊಟ್ಟರು: "ಇಸ್ಕೊಳ್ಳೋವಾಗ ನಗವ್ವ. ಇಸ್ಕೊಂಡ ಮ್ಯಾಲೆ ಒಸಿ ಸಪ್ಪಗಾಗು."

ದುಂಡವ್ವ ಹಾಗೆಯೇ ಮಾಡಿದಳು. ನಕ್ಕಳು, ಸಪ್ಪಗಾದಳು, ಮತ್ತೆ ನಕ್ಕಳು. ಅವಳ ಕಣ್ಣು ಮಾತ್ರ ಲಾರಿಯ ಮೇಲಿತ್ತು. ಕೊಟ್ಟವರಿಗೆಲ್ಲ ಊಟ ಹಾಕಬೇಕಲ್ಲ. ಹುಡುಗರು ಲಾರಿಯಿಂದ ಲೋಕೇಶನ ಅಕ್ಕಿ ಮೂಟೆಗಳನ್ನು ಇಳಿಸಿ ಒಲೆಯ ಹತ್ತಿರ ಒಯ್ಯುತ್ತಿದ್ದರು. ಒಂದು ಕಡೆ ತುಂಬುತ್ತಿತ್ತು, ಇನ್ನೊಂದು ಕಡೆ ಖಾಲಿಯಾಗುತ್ತಿತ್ತು. ಒಂದು ಗಂಟೆ ಹೊತ್ತು ಅಂದದ್ದು ಮಧ್ಯಾಹ್ನ ದಾಟಿತು.

ಊಟದ ಹೊತ್ತಿಗೆ ಪಕ್ಕದ ಫ್ಯಾಕ್ಟರಿಯ ಮ್ಯಾನೇಜರು ಬಂದರು. ಅವರ ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದದ್ದು ಪ್ಲಾಸ್ಟಿಕ್ ನೀರಿನ ಟ್ಯಾಂಕು. ಕೊಟ್ಟಿದ್ದೂ ಅದನ್ನೇ. ಆರು ಜನ ಉರುಳಿಸಿಕೊಂಡು ಬಂದರು.

"ಫ್ಯಾಕ್ಟರಿಯೋರ ಕಡೆಯಿಂದ," ದಾಸಪ್ಪ ಓದಿ, ಒಂದು ಕ್ಷಣ ತಡೆದು, "ನೀರು ತುಂಬೋ ಟ್ಯಾಂಕು!" ಎಂದರು.

"ನೀರಿಗೇನ್ರಿ ಕಡಿಮಿ ಐತಿ ಅಲ್ಲಿ," ಎಂದು ಯಮನಪ್ಪ ಗೊಣಗಿದ. ಫೋಟೋಕ್ಕಾಗಿ ಟ್ಯಾಂಕನ್ನು ಇಬ್ಬರೂ ಒಂದೊಂದು ಕೈಯಲ್ಲಿ ಮುಟ್ಟಿಕೊಂಡು ನಗಬೇಕಾಯಿತು. ಆಮೇಲೆ ಸಪ್ಪಗಾದರು.

ಬಿಸಿಲು ಇಳಿಯುವಾಗ ಲಾರಿ ತುಂಬಿತ್ತು. ಡ್ರೈವರ್ ವಹಾಬ್ ಹಗ್ಗ ಬಿಗಿದ. ದುಂಡವ್ವ ಕುರ್ಚಿಯಿಂದ ಎದ್ದು ಸೀರೆ ಕೊಡವಿಕೊಂಡಳು. ಅಷ್ಟರಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಅಂಕಯ್ಯ ಒಂದು ಮಾತೆತ್ತಿದ.

"ಅಲ್ಲಾ, ಮುಯ್ಯಿ ಹಾಕಿದ್ದು ಯಾರಿಗೆ?"

"ಈ ಯಮ್ಮಂಗೆ," ಎಂದರು ದಾಸಪ್ಪ.

"ಅಂದ್ಮೇಲೆ ಸಾಮಾನು ಯಾರ್ದು?"

"ಈ ಯಮ್ಮಂದೇ. ಕೂತೋರ್ದು ಮುಯ್ಯಿ. ಅದ್ರಲ್ಲಿ ಎರಡು ಮಾತಿಲ್ಲ."

"ಈ ಯಮ್ಮನ ಶೆಡ್ಡು ಅಗೋ ಅಲ್ಲೈತೆ. ಕೂಗಿದ್ರೆ ಕೇಳಿಸ್ತದೆ. ಅಷ್ಟು ದೂರಕ್ಕೆ ಯಾಕ್ಲಾ ಲಾರಿ ಹೋಗೋದು? ಇಲ್ಲೇ ಇಳಿಸ್ಬುಟ್ರೆ ಆಯ್ತಪ್ಪ!"

ಊರೇ ಹೌದು ಹೌದು ಎಂದಿತು. ದಾಸಪ್ಪನವರು ಕಣ್ಣು ಮುಚ್ಚಿ ಯೋಚಿಸಿ, ಲೆಕ್ಕ ಸರಿಯಾಗಿದೆ ಎಂದು ತಲೆಯಾಡಿಸಿದರು. ಅವರ ಆಯುಷ್ಯದಲ್ಲಿ ಕೂತವರ ಮುಯ್ಯಿ ಬೇರೆಯವರಿಗೆ ಹೋದದ್ದಿಲ್ಲ. ಹುಡುಗರು ಆಗಲೇ ಹಗ್ಗ ಬಿಚ್ಚಿ, ಬಿಂದಿಗೆಗಳನ್ನು ತಗಡಿನ ಶೆಡ್ಡಿನ ಕಡೆ ಸಾಗಿಸತೊಡಗಿದರು. ಲೋಕೇಶ, "ಲೇಯ್, ಇದು ನೆರೆಗೆ ಕಣ್ರೋ!" ಎಂದು ಒಬ್ಬೊಬ್ಬರ ಹಿಂದೆ ಓಡಿದ. "ಯಮ್ಮನೂ ನೆರೆಯೋಳೇ ಅಲ್ವಾ?" ಎಂದು ಅವರು ನಡೆಯುತ್ತಲೇ ಇದ್ದರು. ಟ್ಯಾಂಕು ಉರುಳತೊಡಗಿತು. ಅದು ಶೆಡ್ಡಿಗಿಂತ ದೊಡ್ಡದಿತ್ತು.

ಬೆಳಗಿನಿಂದ ನಕ್ಕ ನಗುವೆಲ್ಲ ಇದಕ್ಕೇನಾ? ದುಂಡವ್ವ ದಾಸಪ್ಪನವರ ಕೈಯಿಂದ ಮೈಕು ಕಿತ್ತುಕೊಂಡಳು.

"ಇದೆಲ್ಲಾ ನಂದ ಅಂತೀರಿ. ಖರೇನ?"

ಅವಳ ದನಿ ಗುಡಿಯ ಗೋಡೆಗೆ ಬಡಿದು ವಾಪಸು ಬಂತು. ಎಲ್ಲರೂ ನಿಂತರು. ಟ್ಯಾಂಕೂ ನಿಂತಿತು.

"ನಿಂದೇ ಕಣವ್ವ," ಎಂದರು ದಾಸಪ್ಪ.

"ನಂದ ಆದ್ರ ನನ್ನ ಮನಿಗೆ ಮುಟ್ಟಸ್ರಿ. ನನ್ನ ಮನಿ ಇಲ್ಲಿಲ್ಲ."

"ಶೆಡ್ಡು ಐತಲ್ಲ?"

"ಅದು ಮನಿಯಲ್ರಿ. ಆ ಗ್ವಾಡಿ ಮುಗಿದ್ರ ಅದನ್ನ ಕಿತ್ತ ಒಗಿತಾರ. ನನ್ನ ಮನಿ ಹೊಳಿ ದಂಡ್ಯಾಗ ಐತಿ."

"ಅದು ಮುಳುಗೋಗೈತೆ ಅಂದ್ಯಲ್ಲವ್ವ," ಅಂಕಯ್ಯ ಬಿಡಲಿಲ್ಲ. "ಮುಳುಗಿರೋ ಮನೆಗೆ ಹೆಂಗೆ ಮುಟ್ಸೋದು?"

"ಮನಿ ಮುಳುಗಿದ್ರ ಮುಳುಗವಲ್ದ್ಯಾಕ! ನನ್ನ ಮಗಳ ಅಲ್ಲೈತ್ರಿ! ಏಳ ವರ್ಷದ್ದು. ಅದ ಎಲ್ಲೈತಿ ಏನ ಆತು ಯಾರೂ ಹೇಳವಲ್ರು. ನಿಮ್ಮ ಬಿಂದಗಿ ನನಗ ಬ್ಯಾಡ್ರಿ, ಗಡಿಯಾರ ಬ್ಯಾಡ್ರಿ, ಆ ಲಾರಿ ಒಂದ ಹೋಗಲಿ ಅಂತ ನಾ ಮುಂಜಾನಿಂದ ಹಲ್ಲ ಕಿಸಗೊಂಡ ಕುಂತೀನಿ..."

ಮುಂದಿನ ಮಾತು ಮೈಕಿನಲ್ಲಿ ಬರೀ ಉಸಿರಾಗಿ ಕೇಳಿಸಿತು. ನೀರು ಬಂದ ಊರಿನಲ್ಲಿ ಅವಳಿಗೊಂದು ಮಗು ಇದೆಯೇ ಎಂದು ಬೆಳಗಿನಿಂದ ಯಾರೂ ಅವಳನ್ನು ಕೇಳಿರಲಿಲ್ಲ.

ದಾಸಪ್ಪನವರ ಹೆಂಡತಿ ಮುನಿಯಮ್ಮ ಒಲೆಯ ಹತ್ತಿರದಿಂದ ಸೆರಗಿನಲ್ಲಿ ಕೈ ಒರೆಸುತ್ತಾ ಬಂದರು. ಗಂಡನ ಎದುರು ನಿಂತರು. "ಏನ್ ಮಾರಾಯ್ರೇ, ಮುಯ್ಯಿ ಹಾಕಿದ್ ಮ್ಯಾಲೆ ಹೆಣ್ಣನ್ನ ಅವ್ಳ ಮನೆ ತುಂಬಿಸಿ ಬರ್ಬೇಕೋ ಬ್ಯಾಡ್ವೋ?"

"ಬರ್ಬೇಕು. ಆದ್ರೆ ಮನೆ ಯಾವ್ದು ಅಂತ..."

"ಮಗು ಇರೋ ಕಡೆ ಕಣ್ರೀ! ಇದ್ಕೂ ಪಂಚಾಯ್ತಿ ಕೂರುಸ್ತೀರಾ? ಎದ್ದು ಲಾರಿ ಹತ್ತಿ."

"ನಾನಾ?"

"ಇಲ್ದಿದ್ರೆ ಹೆಣ್ಣು ಕಳಿಸಾಕೆ ಯಾರ್ ಹೋಗ್ತಾರೆ? ನಾನೂ ಬತ್ತೀನಿ."

ದಾಸಪ್ಪನವರು ಮತ್ತೆ ಕಣ್ಣು ಮುಚ್ಚಿದರು. ಈ ಲೆಕ್ಕವೂ ಸರಿಯಾಗಿಯೇ ಇತ್ತು, ಮೊದಲಿನದಕ್ಕಿಂತ ಸರಿ. ಬಿಂದಿಗೆಗಳು ವಾಪಸು ಬಂದವು. ಟ್ಯಾಂಕು ಬಂದ ದಾರಿಯಲ್ಲೇ ಉರುಳಿ ಲಾರಿ ಹತ್ತಿತು. ಅಂಕಯ್ಯ ಯಾರಿಗೂ ಹೇಳದೆ ಮನೆಗೆ ಹೋಗಿ ಒಂದು ಮೂಟೆ ರಾಗಿ ಹೊತ್ತು ತಂದು, ಮೈಕಿನಲ್ಲಿ ಓದಿಸದೆಯೇ ಲಾರಿಗೆ ಹಾಕಿದ. ಅವನನ್ನು ನೋಡಿ ಉಳಿದವರೂ ಅಕ್ಕಿ, ಬೇಳೆ ತಂದರು. ಮುನಿಯಮ್ಮ ದುಂಡವ್ವನ ಸೆರಗು ಹಿಡಿಸಿ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದರು. ದುಂಡವ್ವ ಈಗ ಅತ್ತಳು. ಫೋಟೋದವನು ಕ್ಯಾಮರಾ ಎತ್ತಿದ್ದನ್ನು ನೋಡಿ ಲೋಕೇಶ ಅವನ ಕೈ ತಗ್ಗಿಸಿದ.

ಮುಂದೆ ವಹಾಬನ ಪಕ್ಕ ಇಬ್ಬರು ಹೆಂಗಸರು ಕೂತರು. ಹಿಂದೆ ಸಾಮಾನಿನ ಮೇಲೆ ಲೋಕೇಶ, ಯಮನಪ್ಪ. ಚಳಿಗಾಳಿ ಆಗದ ದಾಸಪ್ಪನವರನ್ನು ಎತ್ತಿ, ಕಂಬಳಿ ಹೊದಿಸಿ, ಅಡ್ಡ ಮಲಗಿಸಿದ್ದ ಟ್ಯಾಂಕಿನೊಳಗೆ ಕೂರಿಸಿದರು. ತುಮಕೂರು ದಾಟುವವರೆಗೂ ಅವರು ಒಳಗಿನಿಂದಲೇ ಯಾರ ಮದುವೆಗೆ ಯಾರು ಏನು ಹಾಕಿದ್ದರೆಂದು ಹೇಳುತ್ತಿದ್ದರು. ಟ್ಯಾಂಕಿನಲ್ಲಿ ಆ ದನಿ ಗುಡುಗಿನಂತೆ ಮೊಳಗಿ, ಟೋಲಿನವನು ಗಾಬರಿಯಾಗಿ ದುಡ್ಡು ಕೇಳದೆಯೇ ಗೇಟು ಎತ್ತಿದ.

ಮರುದಿನ ಬೆಳಗ್ಗೆ ಲಾರಿ ಒಂದು ಶಾಲೆಯ ಅಂಗಳಕ್ಕೆ ಬಂದು ನಿಂತಿತು. ಹೊಳೆ ದಂಡೆಯ ಊರುಗಳವರನ್ನೆಲ್ಲ ಅಲ್ಲಿ ಇರಿಸಿದ್ದರು. ಯಮನಪ್ಪ ಸಾಮಾನಿನ ಮೇಲಿಂದ ಇಳಿಯುವಷ್ಟರಲ್ಲಿ ದುಂಡವ್ವ, ಲಾರಿ ಪೂರ್ತಿ ನಿಲ್ಲುವ ಮೊದಲೇ, ಇಳಿದು ಓಡಿ, ಹತ್ತು ಹೆಜ್ಜೆಗೆ ದಿಕ್ಕು ತಪ್ಪಿದವಳ ಹಾಗೆ ನಿಂತಳು. ಯಾರೋ ಪುಣ್ಯಾತ್ಮರು ಒಂದು ಲಾರಿ ತುಂಬ ಹಳದಿ ಟೀ ಶರ್ಟು ಕಳಿಸಿದ್ದರು. ಎಲ್ಲವೂ ಒಂದೇ ಅಳತೆ. ಅಂಗಳದಲ್ಲಿದ್ದ ಮಕ್ಕಳೆಲ್ಲ ಪಾದದವರೆಗೆ ಹಳದಿ. ಸೀರೆಯ ಮೇಲೆ ಟೀ ಶರ್ಟು ತೊಟ್ಟ ಮುದುಕಿಯರೂ ಹಳದಿ. ಅವಳ ಕಣ್ಣಿನಲ್ಲಿದ್ದದ್ದು ಹಸಿರು ಲಂಗದ ಬನವ್ವ. ಹಸಿರು ಎಲ್ಲೂ ಇರಲಿಲ್ಲ.

"ಬನವ್ವಾ!" ಎಂದಳು. ಒಂದೊಂದೇ ಹಳದಿ ಮಗುವಿನ ಗದ್ದ ಹಿಡಿದು ಮುಖ ಎತ್ತಿ ನೋಡುತ್ತಾ ಹೋದಳು. ಇದಲ್ಲ. ಇದೂ ಅಲ್ಲ. ಅಂಗಳ ಮುಗಿಯುತ್ತಾ ಬಂತು.

ಹಿಂದಿನಿಂದ ಯಾರೋ ಸೆರಗು ಜಗ್ಗಿದರು.

"ಯವ್ವಾ, ಬ್ಯಾರೇದವರ ಮಾರಿ ಯಾಕ ನೋಡಾಕತ್ತಿ? ನಾ ಅವಾಗಿಂದ ನಿನ್ನ ಹಿಂದ ಹಿಂದ ಬರಾಕತ್ತೀನಿ."

ದುಂಡವ್ವ ಅಲ್ಲೇ ಕುಕ್ಕರಿಸಿದಳು. ಮಗಳ ಕೈ ನೋಡಿದಳು, ಕಿವಿ ನೋಡಿದಳು, ಆ ಉದ್ದನೆಯ ಅಂಗಿ ಎತ್ತಿ ಮೊಣಕಾಲು ನೋಡಿದಳು. ಎಲ್ಲ ಇತ್ತು. ಸ್ವಲ್ಪ ಕೆಸರು ಇತ್ತು.

"ಅಜ್ಜಿ ಎಲ್ಲೆ?"

"ಅಕಾ ಅಲ್ಲಿ, ಸರತಿಗೆ ನಿಂತಾಳ."

"ಏನ ಕೊಡಾಕತ್ತಾರ?"

"ಯಾರಿಗ್ಗೊತ್ತು! ಮಂದಿ ನಿಂತಿದ್ರು, ಅಜ್ಜೀನೂ ನಿಂತಾಳ."

ದುಂಡವ್ವ ನಕ್ಕಳು. ಸಪ್ಪಗಾಗಬೇಕೆಂದು ಯಾರೂ ಹೇಳಲಿಲ್ಲ. ಏಳು ವರ್ಷದ ಮಗಳನ್ನು ಕೂಸಿನ ಹಾಗೆ ಸೊಂಟಕ್ಕೆ ಏರಿಸಿಕೊಂಡು, ಆ ಸಾಲಿನ ಕಡೆಗೆ ನಡೆದಳು.