ಹೆರನ್‌ಗೆ ಹಾಕಿದ ಸಹಿ

ಡೆನ್ಜಿಲ್‌ಗೆ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ. ನನಗೆ ಅವನ ಕೆಮ್ಮು ಕೇಳಿದರೂ ಆಗುತ್ತಿರಲಿಲ್ಲ. ಅವನು ಬರೆಯುವವನು, ನಾನು ಅವನು ಬರೆದದ್ದನ್ನು ಕೆಡವಿ ನೋಡುವವಳು. ಇಂಗ್ಲೆಂಡಿನ ಈಲಿ ಪಟ್ಟಣದಲ್ಲಿ ಮುಚ್ಚಿಹೋಗಿದ್ದ ಕಾರ್ಪೆಟ್ ಅಂಗಡಿಯ ಮೇಲಿನ ಮಹಡಿಯೇ ನಮ್ಮ ಕಂಪನಿ. ಆ ಕಡೆಯ ಕೋಣೆಯಲ್ಲಿ ಅವನು, ಈ ಕಡೆಯ ಕೋಣೆಯಲ್ಲಿ ನಾನು ಮತ್ತು ನನ್ನ ಪರೀಕ್ಷಕರು, ನಡುವೆ ಟೀ ಕಾಯಿಸುವ ಕೆಟಲ್. ಅಲ್ಲಿಗೆ ನಾವಿಬ್ಬರೂ ಒಟ್ಟಿಗೆ ಬಂದುಬಿಟ್ಟರೆ ಉಳಿದವರು ಟೀ ಆಸೆ ಬಿಟ್ಟು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತಿದ್ದರು.

ಅವನು ಬರೆದದ್ದು ಹೆರನ್ ಅನ್ನುವ ಆಪರೇಟಿಂಗ್ ಸಿಸ್ಟಂ. ಕಂಪ್ಯೂಟರನ್ನು ಎಬ್ಬಿಸಿ ಕೂರಿಸುವುದು, ಬೆರಳು ಒತ್ತಿದ್ದನ್ನು ತೆರೆಯ ಮೇಲೆ ತರುವುದು, ಬರೆದದ್ದನ್ನು ಡಿಸ್ಕಿನಲ್ಲಿ ಜೋಪಾನವಾಗಿ ಇಡುವುದು, ಎಲ್ಲ ಅದರದೇ ಕೆಲಸ. ಚೆನ್ನಾಗಿಯೇ ಬರೆದಿದ್ದ. ಇದನ್ನು ಒಪ್ಪಿಕೊಳ್ಳುವಾಗ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಆದರೆ ತನ್ನ ಕೈಯಿಂದ ತಪ್ಪೇ ಆಗುವುದಿಲ್ಲ ಅನ್ನುವ ಅವನ ಧಿಮಾಕು ಇತ್ತಲ್ಲ, ಅದಕ್ಕೆ ಮದ್ದಿರಲಿಲ್ಲ.

ನಾವು ತಪ್ಪು ಹಿಡಿದುಕೊಂಡು ಹೋದಾಗಲೆಲ್ಲ ಅವನದು ಒಂದೇ ಮಾತು: "ಮತ್ತೆ ಮಾಡಿ ತೋರ್ಸು." ಅದು ನಮ್ಮ ಕಂಪನಿಯ ಕಾನೂನೂ ಆಗಿತ್ತು. ಬರೆದವನ ಕಣ್ಣೆದುರು ಇನ್ನೊಮ್ಮೆ ಕೆಡಿಸಿ ತೋರಿಸಿದರೆ ಅದು ತಪ್ಪು, ಇಲ್ಲದಿದ್ದರೆ ನಮ್ಮ ಭ್ರಮೆ. ನಾನು ಅವನ ಮೇಜಿನ ಮೇಲೆ ಬಾಗಿ, ಅವನ ತೋಳಿಗೆ ನನ್ನ ತೋಳು ತಾಗದ ಹಾಗೆ ಎಚ್ಚರ ವಹಿಸಿ, ಕೆಡಿಸಿ ತೋರಿಸುತ್ತಿದ್ದೆ.

"ಇನ್ನೊಬ್ಬರು ಕಟ್ಟಿದ ಮನೆ ಕೆಡವೋದೂ ಒಂದು ಕಸುಬಾ, ಥೆಲ್ಮಾ?" ಅನ್ನುತ್ತಿದ್ದ.

"ನೆಟ್ಟಗೆ ಕಟ್ಟಿದ್ರೆ ನಾನ್ಯಾಕಪ್ಪ ಬರ್ತಿದ್ದೆ?" ಅನ್ನುತ್ತಿದ್ದೆ.

ಪರೀಕ್ಷೆಯ ಕೋಣೆಯೇ ದಂಡ, ಅದನ್ನು ಮುಚ್ಚಿಬಿಡಿ ಎಂದು ಅವನು ಮಾಲೀಕ ಜೆರೋಮ್ ಫಾಸೆಟ್‌ನ ಕಿವಿ ಊದುತ್ತಲೇ ಇದ್ದ. ಜೆರೋಮ್ ಕೆಟ್ಟವನಲ್ಲ, ಕೊನೆಗೆ ಯಾರು ಮಾತಾಡಿದರೋ ಅವರದೇ ಸರಿ ಅನ್ನುವ ಪೈಕಿ. ಹಾಗಾಗಿ ದಿನವೂ ಕೊನೆಯ ಮಾತು ನನ್ನದಾಗಿರುವಂತೆ ನೋಡಿಕೊಳ್ಳುತ್ತಿದ್ದೆ. ಆ ಕೋಣೆಯನ್ನು ಕಟ್ಟಿದ್ದು ನಾನು. ಒಬ್ಬೊಬ್ಬರನ್ನೂ ಹುಡುಕಿ ತಂದು, ಅನುಮಾನ ಪಡುವುದು ಹೇಗೆಂದು ಕಲಿಸಿದ್ದೆ. ಅದು ಮುಚ್ಚಿದರೆ ನನಗೆ ಬೇರೆ ಮನೆಯಿಲ್ಲ ಅನ್ನುವಷ್ಟು ಅದರೊಳಗೇ ಇದ್ದುಬಿಟ್ಟಿದ್ದೆ.

ಆ ಚಳಿಗಾಲದಲ್ಲಿ ಬ್ರಾಡ್‌ಫರ್ಡ್‌ನಿಂದ ನಾರ್ಮನ್ ಸಗ್ಡನ್ ಬಂದ. ಅಪ್ಪನ ಕಾಲದಿಂದ ಅಂಗಡಿಗಳಿಗೆ ಗಲ್ಲಾ ಯಂತ್ರ ಮಾಡಿ ಮಾರುತ್ತಿದ್ದವನು, ಈಗ ಕಂಪ್ಯೂಟರ್ ಮಾಡಲು ಹೊರಟಿದ್ದ. ತಾನು ಮಾಡುವ ಪ್ರತಿ ಕಂಪ್ಯೂಟರಿನಲ್ಲೂ ಹೆರನ್ ಹಾಕಲು ಅವನಿಗೆ ಲೈಸೆನ್ಸ್ ಬೇಕಿತ್ತು. ಅವನು ತೆಗೆದುಕೊಂಡರೆ ನಾವು ಉಳಿದೆವು, ಬಿಟ್ಟರೆ ಬೇಸಿಗೆ ಮುಗಿಯುವಷ್ಟರಲ್ಲಿ ಬೀಗ. ಜೆರೋಮ್ ಅವನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡ. ಸಗ್ಡನ್ ಮಾತ್ರ ಮೊದಲ ದಿನವೇ ಒಂದು ಷರತ್ತು ಒಗೆದ.

"ಬರದಾವ ಚೊಲೋ ಐತಿ ಅಂತಾನ. ಮಾರಾವ ಇನ್ನೂ ಚೊಲೋ ಐತಿ ಅಂತಾನ. ಅದನ್ನ ಕಂಡ್ರ ಮೈ ಉರ್ಕೊಳ್ಳೋರು ಯಾರದಾರ ಇಲ್ಲಿ? ಅವರ ಸಹಿ ಹಾಕಿಸಿ ಕೊಡ್ರಿ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಚಳಿಗಾಲವಿಡೀ ನಾನು ಸಹಿ ಹಾಕಲಿಲ್ಲ. ಡೆನ್ಜಿಲ್ ಹಲ್ಲು ಕಡಿದ, ಜೆರೋಮ್ ಅಂಗಲಾಚಿದ. "ನೀನು ಸಹಿ ಹಾಕು, ನಿನ್ನ ಕೋಣೆಗೆ ಯಾರೂ ಕೈ ಹಚ್ಚದ ಹಾಗೆ ನಾನ್ ನೋಡ್ಕೋತೀನಿ" ಅಂದ. ಆ ಆಸೆಗೆ ಹಾಕಲಿಲ್ಲ. ಮಾರ್ಚ್ ಬರುವ ಹೊತ್ತಿಗೆ ನಾವೆಲ್ಲ ಸೇರಿ ಏನು ಮಾಡಿದರೂ ಹೆರನ್ ಬೀಳದೇ ಹೋಯಿತು, ಅದಕ್ಕೆ ಹಾಕಿದೆ. ಇದರ ಕೈಗೆ ಕೊಟ್ಟದ್ದನ್ನು ಇದು ಕಳೆಯುವುದಿಲ್ಲ ಎಂದು ಲೈಸೆನ್ಸಿನ ಕೊನೆಯ ಹಾಳೆಯಲ್ಲಿ ನನ್ನ ಹೆಸರು ಬಿತ್ತು. ಹೆಮ್ಮೆಯಿಂದಲೇ ಹಾಕಿದೆ.

ಸಗ್ಡನ್ ಸಹಿ ಮಾಡಲು ಬಂದ ದಿನ ಜೇಬಿನಲ್ಲಿ ತನ್ನದೇ ತೆಳು ಫ್ಲಾಪಿ ಡಿಸ್ಕ್ ತಂದಿದ್ದ. ನಾವು ನೋಡಲು ಕೊಟ್ಟಿದ್ದ ಹೆರನ್ ಮುಂದೆ ಬ್ರಾಡ್‌ಫರ್ಡ್‌ನಲ್ಲಿ ಒಂದು ವಾರ ಕೂತು ತನ್ನ ಸಾಮಾನುಗಳ ಪಟ್ಟಿಯನ್ನು ಆ ಡಿಸ್ಕಿನಲ್ಲಿ ತುಂಬಿಸಿದ್ದನಂತೆ. ಜೆರೋಮ್ ಲೈಸೆನ್ಸ್ ಓದುತ್ತಿದ್ದ ಹಾಗೆ, ಅವನು ನಮ್ಮ ಯಂತ್ರದ ಮುಂದೆ ಕೂತು ಒಂದೇ ಬೆರಳಿನಲ್ಲಿ ಆ ಪಟ್ಟಿಗೆ ಇನ್ನಷ್ಟು ಸೇರಿಸುತ್ತಿದ್ದ. ಜೆರೋಮ್ ಒಂದು ಸಾಲು ಓದಿದಾಗ ಅವನ ಬೆರಳು ನಿಂತಿತು.

"ಇನ್ನೊಮ್ಮೆ ಓದ್ರಿ ಅದನ್ನ."

ಜೆರೋಮ್ ಓದಿದ. ಹೆರನ್ ಮಾರಾಟವಾಗುತ್ತಿಲ್ಲ, ಅದನ್ನು ಬಳಸಲು ಅನುಮತಿ ಕೊಡಲಾಗುತ್ತಿದೆ ಎಂದು ಆ ಸಾಲು ಹೇಳುತ್ತಿತ್ತು.

"ಅಂದ್ರ ರೊಕ್ಕ ನಂದು, ಮಶೀನ್ ನಂದು, ಒಳಗಿಂದಷ್ಟ ನಿಮ್ಮದಾ?"

"ಬಳಸೋ ಹಕ್ಕು ನಿಮ್ಮದು ಸರ್. ಮಾಲೀಕತ್ವ ನಮ್ಮಲ್ಲೇ ಇರುತ್ತೆ. ಎಲ್ಲ ಕಡೆ ಹೀಗೇನೇ."

"ನಾಳೆ ನಾ ಒಂದ್ ಖುರ್ಚಿ ಮಾರಿ, ಇದರಾಗ ಕುಂಡ್ರೂ ಹಕ್ಕು ಅಷ್ಟ ನಿಮ್ಮದು ಅಂದ್ರ ಸುಮ್ನಿರ್ತೀರೇನು?"

ಇಲ್ಲಿ ಡೆನ್ಜಿಲ್ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಂಡರೆ ಅವನು ಡೆನ್ಜಿಲ್ ಹೇಗಾದಾನು? "ಇದು ಕುರ್ಚಿ ಅಲ್ಲ" ಅಂದ. "ಗಲ್ಲಾ ಪೆಟ್ಟಿಗೆ ಮಾಡೋರಿಗೆ ಅರ್ಥ ಆಗೋಕೆ ಸ್ವಲ್ಪ ಟೈಮ್ ಹಿಡಿಯುತ್ತೆ."

ಸಗ್ಡನ್‌ನ ಕತ್ತಿನವರೆಗೂ ಕೆಂಪೇರಿತು. ಪಟ್ಟಿಯನ್ನು ಉಳಿಸುವ ಕೀಲಿಯನ್ನು ಗುದ್ದಿದ. "ನನ್ನ ಪಟ್ಟಿ ನಂದು, ನಾ ಹೊಂಟೆ" ಅನ್ನುತ್ತ, ಡಿಸ್ಕ್ ಪೆಟ್ಟಿಗೆಯ ಪುಟ್ಟ ಬಾಗಿಲನ್ನು ತಟ್ಟಿ ತೆರೆದು, ಡಿಸ್ಕ್ ಕಿತ್ತುಕೊಂಡು ಮೆಟ್ಟಿಲಿಳಿದೇಬಿಟ್ಟ. ಜೆರೋಮ್ ಅವನ ಹಿಂದೆ ಓಡಿದ. ಬೀದಿಯಲ್ಲಿ ಇಬ್ಬರ ಕೂಗಾಟವೂ ಮಹಡಿಗೆ ಕೇಳುತ್ತಿತ್ತು. ಏನೋ ಹೇಳಿ, ಎಲ್ಲೋ ತಗ್ಗಿ, ಆ ಸಾಲನ್ನು ತಿದ್ದುವುದಾಗಿ ಒಪ್ಪಿ ಜೆರೋಮ್ ಅವನನ್ನು ವಾಪಸು ಕರೆತಂದ. ಟೀ ಬಂತು. ಸಗ್ಡನ್ ಬಿಸ್ಕತ್ತು ಅದ್ದಿಕೊಂಡು ತಿಂದು, ಡಿಸ್ಕನ್ನು ಮತ್ತೆ ಒಳಗೆ ತೂರಿಸಿದ.

ತೆರೆಯ ಮೇಲೆ ಏನೂ ಬರಲಿಲ್ಲ. ಆಗ ತಾನೇ ಬರೆದದ್ದು ಮಾತ್ರವಲ್ಲ, ಬ್ರಾಡ್‌ಫರ್ಡ್‌ನಲ್ಲಿ ವಾರವಿಡೀ ತುಂಬಿಸಿದ್ದೂ ಇರಲಿಲ್ಲ. ಡಿಸ್ಕ್ ಖಾಲಿ ಎಂದು ಹೆರನ್ ತಣ್ಣಗೆ ಹೇಳಿತು.

"ಇದು ಹೆರನ್ ತಪ್ಪಲ್ಲ" ಎಂದ ಡೆನ್ಜಿಲ್, ಯಾರೂ ಕೇಳುವ ಮುಂಚೆಯೇ. "ಎಲ್ಲಿ ಏನಿದೆ ಅನ್ನೋದನ್ನ ಅದು ಪ್ರತಿ ಸಲ ಅಳಿಸಿ ಕೊನೇಲಿ ಹೊಸದಾಗಿ ಬರೆಯುತ್ತೆ. ದೀಪ ಉರೀತಿರುವಾಗ ಯಾರಾದ್ರೂ ಡಿಸ್ಕ್ ಕೀಳ್ತಾರಾ?"

"ಯಾವ ದೀಪ?" ಅಂದ ಸಗ್ಡನ್.

ಡಿಸ್ಕ್ ಪೆಟ್ಟಿಗೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟ ಕೆಂಪು ದೀಪವಿತ್ತು. ಒಳಗೆ ಬರೆಯುವ ಕೆಲಸ ನಡೆದಿರುವಾಗ ಉರಿದು, ಮುಗಿದ ಮೇಲೆ ಆರುತ್ತಿತ್ತು. ಕಾಯಿರಿ ಎಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಕಾಯುತ್ತಿದ್ದೆವು, ಅಷ್ಟೇ.

ಸಗ್ಡನ್ ಕುರ್ಚಿ ತಿರುಗಿಸಿದ. "ತಂಗೀ, ಕಳಿಯೂದಿಲ್ಲ ಅಂತ ಸಹಿ ಹಾಕಿದಾಕಿ ನೀ ಹೌದಲ್ಲ? ಇದನ್ನ ಮಾಡಿ ನೋಡಿದ್ದೇನು?"

"ಇಲ್ಲ" ಅಂದೆ.

"ಥೆಲ್ಮಾ!" ಜೆರೋಮ್ ಚೀರಿದ.

"ಡಿಸ್ಕೇ ಹಾಳಾಗಿರಬಹುದು" ಎಂದ ಡೆನ್ಜಿಲ್. ನನ್ನ ಕಣ್ಣಲ್ಲಿ ಕಣ್ಣಿಟ್ಟು, ತುಟಿಯ ಮೂಲೆಯಲ್ಲಿ ನಕ್ಕ. "ಕಾನೂನು ಗೊತ್ತಲ್ಲ. ಮತ್ತೆ ಮಾಡಿ ತೋರ್ಸು."

ಕೂತೆ. ಹೊಸ ಡಿಸ್ಕ್ ಹಾಕಿ ನಾಲ್ಕು ಸಾಲು ಬರೆದು ಉಳಿಸಿದೆ. ಕೈ ಪೆಟ್ಟಿಗೆಯ ಬಾಗಿಲಿನವರೆಗೆ ಹೋಗಿ ನಿಂತಿತು. ದೀಪ ಆರಿತು. ಆಗ ಕೈ ಡಿಸ್ಕನ್ನು ತೆಗೆಯಿತು. ಮತ್ತೆ ಹಾಕಿದರೆ ನಾಲ್ಕೂ ಸಾಲು ಹಾಗೇ ಇದ್ದವು. ಡೆನ್ಜಿಲ್ ಕೆಮ್ಮಿದ. ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಮಾಡಿದೆ. ಬಿಸಿ ಪಾತ್ರೆಯ ಹತ್ತಿರ ಹೋದ ಬೆರಳಿನ ಹಾಗೆ ಕೈ ಮತ್ತೆ ಹಿಂದೆ ಬಂತು. ನಾನು ಬೇಡವೆಂದರೂ ಅದು ಕಾಯುತ್ತಿತ್ತು. ನನ್ನ ಕೋಣೆಯಿಂದ ಇಬ್ಬರನ್ನು ಕರೆದೆ. ಅವರೂ ಬರೆದು ಉಳಿಸಿ, ಪ್ರಾರ್ಥನೆಗೆ ಕೂತವರ ಹಾಗೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು.

"ಸರೀರಿ ಆ ಕಡೆ" ಎಂದು ಸಗ್ಡನ್ ಬಂದು ಒಂದೇ ಏಟಿಗೆ ಕಿತ್ತ. ಮತ್ತೆ ಹಾಕಿದ. ಖಾಲಿ.

ಜೆರೋಮ್ ಕೈ ಹೊಸೆಯುತ್ತ ಮುಂದೆ ಬಂದ. "ಸಣ್ಣ ವಿಷಯ ಸರ್, ಲೈಸೆನ್ಸಲ್ಲಿ ಒಂದು ಸಾಲು ಸೇರಿಸೋಣ. ದೀಪ ಉರೀತಿರುವಾಗ ತೆಗೆದ್ರೆ ಕಂಪನಿ ಹೊಣೆ ಅಲ್ಲ ಅಂತ. ಥೆಲ್ಮಾ, ಇದು ಬಳಸೋರ ತಪ್ಪು ಅಂತ ಒಂದ್ ಮಾತು ಹೇಳಿಬಿಡು. ನಿನ್ನ ಸಹಿ ಹಾಗೇ ಇರುತ್ತೆ. ನಿನ್ನ ಕೋಣೇನೂ ಹಾಗೇ ಇರುತ್ತೆ."

"ಅವಳ ಪರೀಕ್ಷೇಲಿ ಲೋಪ ಇಲ್ಲ" ಎಂದ ಡೆನ್ಜಿಲ್. ಅಷ್ಟು ಕಾಲದ ಜಗಳದಲ್ಲಿ ಅವನು ನನ್ನ ಪರ ಮಾತಾಡಿದ್ದು ಅದೊಂದೇ ಸಲ. ಅವನನ್ನು ನಾನು ಯಾವತ್ತೂ ಅಷ್ಟು ದ್ವೇಷಿಸಿರಲಿಲ್ಲ.

ಹೂಂ ಅಂದರೆ ಮುಗಿಯುತ್ತಿತ್ತು. ಕೋಣೆ ಉಳಿಯುತ್ತಿತ್ತು, ನನ್ನ ಜನ ಉಳಿಯುತ್ತಿದ್ದರು. ಆದರೆ ಸಗ್ಡನ್ ಸಿಟ್ಟಿನಲ್ಲಿ ಮಾಡಿದ್ದನ್ನು, ಎದುರಿಗೆ ಗಿರಾಕಿಗಳ ಸಾಲು ನಿಂತಿರುವಾಗ ಅಂಗಡಿಗಳ ಗಲ್ಲಾದಲ್ಲಿ ಕೂರುವ ಹುಡುಗಿಯರು ಅವಸರಕ್ಕೆ ದಿನಾ ಮಾಡುತ್ತಾರೆ. ಅವರ ಪಾಲಿಗೆ ಆ ದೀಪ ಇರುವುದೇ ಇಲ್ಲ. ನಾನು ಪೆನ್ನು ತೆಗೆದುಕೊಂಡು ಕೊನೆಯ ಹಾಳೆಯಲ್ಲಿ ನನ್ನ ಹೆಸರನ್ನು ಹೊಡೆದುಹಾಕಿದೆ.

"ನನ್ನ ಕೋಣೆ ಮುಚ್ಚಿಬಿಡು, ಜೆರೋಮ್" ಅಂದೆ. "ಅಲ್ಲಿರೋ ಒಬ್ಬರಿಗೂ ಇನ್ನು ಹೆರನ್ ಪರೀಕ್ಷೆ ಮಾಡೋ ಯೋಗ್ಯತೆ ಇಲ್ಲ. ನನಗೂ ಇಲ್ಲ. ಇದರ ಜೊತೆ ಸಂಸಾರ ಮಾಡಿ ಮಾಡಿ, ಇದಕ್ಕೆ ಎಲ್ಲಿ ನೋಯುತ್ತೆ ಅಂತ ನಮ್ಮ ಕೈಗಳಿಗೆ ಗೊತ್ತಾಗಿಹೋಗಿದೆ. ಅಲ್ಲಿ ನಾವು ಮುಟ್ಟೋದೇ ಇಲ್ಲ. ಸಗ್ಡನ್ ಅವರೇ, ನಿಮ್ಮ ಗಿರಾಕಿ ಅಂಗಡಿಗಳ ಗಲ್ಲಾದಲ್ಲಿ ಕೂರ್ತಾರಲ್ಲ, ಆ ಹುಡುಗೀರ ಕೈಗೆ ಇದನ್ನ ಕೊಡಿ. ಅವರು ಸರಿ ಅಂದ ಮೇಲೆ ಲೈಸೆನ್ಸ್ ಮಾತಾಡಿ."

"ನನ್ನ ಹೆರನ್ನನ್ನ ಗಲ್ಲಾ ಹುಡುಗೀರು ನೋಡೋದಾ!" ಡೆನ್ಜಿಲ್ ಎದ್ದು ನಿಂತ. ಒಂದು ವರ್ಷದಿಂದ ಅವನು ಬೇಡಿಕೊಂಡಿದ್ದು ನನ್ನ ಬಾಯಿಂದಲೇ ಬಂದಿತ್ತು, ಆದರೂ ಅವನ ಮುಖ ಸುಣ್ಣವಾಗಿತ್ತು.

ಸಗ್ಡನ್ ಕೋಟು ಹಾಕಿಕೊಂಡ. "ಒಂದು ಮಶೀನ್ ಈಗ ಕೊಟ್ಟು ಕಳಸ್ರಿ. ಬ್ಯಾಸಗಿ ಮುಗಿಯೂ ತನಕ ಕಾಯ್ತೀನಿ. ಆಮ್ಯಾಗ ಕಾಯೂದಿಲ್ಲ." ಕೊನೆಗೆ ಮಾತಾಡಿದ್ದು ಅವನಾದ್ದರಿಂದ ಜೆರೋಮ್‌ಗೆ ಅದೇ ಸರಿ ಅನ್ನಿಸಿತು. ಆಮೇಲೆ ಜೆರೋಮ್ ಬಾಗಿಲ ಹತ್ತಿರ ನನ್ನನ್ನು ತಡೆದು, "ಹಾಗಾದ್ರೆ ನಿನ್ನನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಅಂದ. ಇಟ್ಕೋಬೇಡ ಅಂದೆ. ಕೋಣೆಗೆ ಹೋಗಿ ವಿಷಯ ಹೇಳಿದೆ. "ನಮ್ಮನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?" ಎಂದು ಒಬ್ಬಳು ಕೇಳಿದಳು. ಉಳಿದವರು ಮುಖ ತಿರುಗಿಸಿಕೊಂಡರು. ಅವರು ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಕೋಟು, ಚೀಲ, ಟೀ ಕುಡಿಯುವ ಮಗ್ಗು ತೆಗೆದುಕೊಂಡು ಕೆಳಗಿಳಿದಾಗ ಸಗ್ಡನ್‌ನ ಚಾಲಕ ಯಂತ್ರವನ್ನು ವ್ಯಾನಿನೊಳಗೆ ಇಡುತ್ತಿದ್ದ. ಡೆನ್ಜಿಲ್ ಪಕ್ಕದಲ್ಲಿ ಬಾಗಿ ಡಿಸ್ಕ್ ಪೆಟ್ಟಿಗೆಗೆ ಏನೋ ಅಂಟಿಸುತ್ತಿದ್ದ. ಹತ್ತಿರ ಹೋಗಿ ನೋಡಿದೆ. ದಪ್ಪ ಅಕ್ಷರದ ಚೀಟಿ: ಕೆಂಪು ದೀಪ ಆರುವವರೆಗೆ ಕಾಯಿರಿ.

ಮಗ್ಗನ್ನು ನೆಲದ ಮೇಲಿಟ್ಟು, ಉಗುರಿನಿಂದ ಆ ಚೀಟಿಯನ್ನು ಕಿತ್ತೆ.

"ಮುಟ್ಬೇಡ!" ಡೆನ್ಜಿಲ್ ಕಿರುಚಿದ. "ನೀನೀಗ ಇಲ್ಲಿ ಕೆಲಸದಲ್ಲಿಲ್ಲ."

"ಅದಕ್ಕೇ ಕೀಳೋಕೆ ಆಯ್ತು ನೋಡು."

ಅವನ ಕೈಯಲ್ಲಿ ಇನ್ನೊಂದು ಚೀಟಿ ಇತ್ತು. ಅದನ್ನು ಅಂಟಿಸಲು ಮುಂದೆ ಬಂದವನು ನಿಂತುಬಿಟ್ಟ. "ಅವರು ಕೆಡಿಸ್ತಾರೆ, ಥೆಲ್ಮಾ" ಅಂದ. ದನಿಯಲ್ಲಿ ಧಿಮಾಕು ಇರಲಿಲ್ಲ, ಬರೀ ಹೆದರಿಕೆ ಇತ್ತು.

"ಕೆಡಿಸ್ಲಿ. ಕಾಯೋಕೆ ಹೇಳ್ಕೊಟ್ರೆ ಅವರೂ ನಮ್ಮ ಹಾಗೇ ಆಗ್ತಾರೆ. ನೀನಿದ್ದೀಯಲ್ಲ, ಸರಿ ಮಾಡು."

ಚಾಲಕ ವ್ಯಾನಿನ ಬಾಗಿಲು ಹಾಕಿದ. ಡೆನ್ಜಿಲ್ ಚೀಟಿಯನ್ನು ಮುದುರಿ ಜೇಬಿಗೆ ತುರುಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿ ಹೋದ.